ಹುಲಿಗೂ ಕಾನೂನು, ಸೋಲಿಗರಿಗೂ ಕಾನೂನು

"ಕಾಡು ಉಳಿಯಬೇಕಾ? ಮೊದಲು ಅಲ್ಲಿರುವ ಜನರನ್ನು ಆಚೆ ಕಳಿಸಿ." ಬೆಂಗಳೂರಿನಲ್ಲಿ ಕೂತು ಹೀಗೆ ಹೇಳುವುದು ಸುಲಭ. ಹೇಳುವವರು ಕೆಟ್ಟವರೇನಲ್ಲ, ಹುಲಿ ಮೇಲಿನ ಪ್ರೀತಿಗೇ ಹೇಳುತ್ತಾರೆ. ಆದರೆ ಬಿಳಿಗಿರಿರಂಗನ ಬೆಟ್ಟದಲ್ಲಿ ಆದದ್ದು ಗೊತ್ತಿದ್ದರೆ ಅಷ್ಟು ಸಲೀಸಾಗಿ ಬಾಯಿ ಬರುವುದಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ತಲೆತಲಾಂತರದಿಂದ ಅಲ್ಲೇ ಇದ್ದ ಸೋಲಿಗ ಬುಡಕಟ್ಟಿನವರು ತಮ್ಮ ಕಾಡಿನಲ್ಲೇ ತಪ್ಪಿತಸ್ಥರಾದರು. ಬೇಟೆ ನಿಂತಿತು, ಸರಿ. ಜಾಗ ಬದಲಿಸುತ್ತಾ ಮಾಡುತ್ತಿದ್ದ ಬೇಸಾಯವೂ ನಿಂತಿತು. ಒಳಕಾಡಿನಿಂದ ಎಬ್ಬಿಸಿ ಪೋಡುಗಳಲ್ಲಿ, ಅಂದರೆ ಸಣ್ಣ ಹಾಡಿಗಳಲ್ಲಿ, ಕೂರಿಸಿದರು. 2006ರಲ್ಲಿ ಜೇನು, ನೆಲ್ಲಿಕಾಯಿ, ಪಾಚಿ ತಂದು ಮಾರುವುದಕ್ಕೂ ತಡೆ ಬಿತ್ತು.

ಇನ್ನೊಂದು ನಿಂತದ್ದು ತರಗು ಬೆಂಕಿ. ಬೇಸಿಗೆ ಬಲಿಯುವ ಮೊದಲೇ ಹಾಕುವ ತೆಳು ಬೆಂಕಿ ಅದು, ನೆಲದ ಒಣ ಎಲೆ ಸುಟ್ಟುಕೊಂಡು ಮುಂದೆ ಹೋಗುತ್ತದೆ. ನೆಲ್ಲಿ ಮರಕ್ಕೆ ಅಂಟಿಕೊಂಡು ರಸ ಹೀರುವ ಬದನಿಕೆಗೆ ಸೋಲಿಗರು ಉಪ್ಪಿಲು ಅನ್ನುತ್ತಾರೆ. ಬೆಂಕಿ ಇದ್ದರೆ ಉಪ್ಪಿಲು ಹತೋಟಿಯಲ್ಲಿರುತ್ತದೆ, ಲಂಟಾನ ಕಳೆ ಹಬ್ಬುವುದಿಲ್ಲ ಅನ್ನೋದು ಅವರ ಹಿರಿಯರ ಮಾತು. ಬೆಂಕಿ ನಿಂತ ಮೇಲೆ ಲಂಟಾನ ಬೆಟ್ಟದ ತುಂಬಾ ಹಬ್ಬಿತು. ಅದೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಕಾಡಿನ ಬಗ್ಗೆ ಇಷ್ಟು ಗೊತ್ತಿದ್ದವರನ್ನು ಒಂದು ಮಾತು ಕೇಳಬಹುದಿತ್ತು, ಅಲ್ವಾ?

ಒಳ್ಳೆಯ ಗಾಳಿ, ನೀರು ಬದುಕುವ ಹಕ್ಕಿನಲ್ಲೇ ಸೇರಿದೆ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ, ಸಂವಿಧಾನದ 21ನೇ ವಿಧಿ ಹಿಡಿದು. 2022ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲೂ ಇಂಥದೇ ನಿರ್ಣಯಕ್ಕೆ 161 ದೇಶಗಳು ಕೈ ಎತ್ತಿದವು. ಸಂತೋಷ. ನನ್ನ ತಕರಾರು ಇಷ್ಟೇ: ಕಾಡು ಉಳಿಸಿ ಅಂತ ಕೋರ್ಟಿಗೆ ಹೋಗುವವರು ಜಾಸ್ತಿ ನಮ್ಮಂಥ ಪೇಟೆಯವರು, ಮನೆ ಬಿಡುವವರು ಮಾತ್ರ ಪೋಡಿನವರು. 21ನೇ ವಿಧಿ ಅವರಿಗೂ ಇದೆ.

ಅದಕ್ಕೇ 2006ರ ಅರಣ್ಯ ಹಕ್ಕು ಕಾಯ್ದೆ ನನಗೆ ಇಷ್ಟ. ಅದು ಬರೀ ಜಮೀನು ಹಂಚುವ ಕಾಯ್ದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕಾಡು ಕಾಯುವ, ನೋಡಿಕೊಳ್ಳುವ ಹಕ್ಕೂ ಅದರಲ್ಲಿದೆ. ಹಕ್ಕು ಕೇಳಿ ಅರ್ಜಿ ಹಾಕುವಾಗ ಸಾಕ್ಷಿಗೆ ಪಹಣಿಯೇ ಬೇಕು ಅಂತಿಲ್ಲ. ಹಳೇ ಬಾವಿ, ಸಮಾಧಿ, ದೇವರ ಜಾಗ, ಬರೆದುಕೊಂಡ ಹಿರಿಯರ ಹೇಳಿಕೆ, ಎಲ್ಲವೂ ನಡೆಯುತ್ತದೆ. ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ ಅಂತ ತಾವು ಪೂಜಿಸುವ ಜಾಗಗಳು ಎಲ್ಲೆಲ್ಲಿವೆ ಅಂತ ಸೋಲಿಗರು ಕಾಡು ಸುತ್ತಿ ತೋರಿಸಿದರು, ನಕ್ಷೆಯೇ ತಯಾರಾಯಿತು. 2011ರಲ್ಲಿ 25 ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕು, ಅಂದರೆ ಒಬ್ಬೊಬ್ಬರಿಗಲ್ಲದೆ ಎಲ್ಲರಿಗೂ ಸೇರಿದ ಹಕ್ಕು, ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹೀಗಾದದ್ದು ದೇಶದಲ್ಲೇ ಮೊದಲು. ಆಮೇಲೂ ಅಲ್ಲಿ ಹುಲಿ ಇದೆ, ಜನರೂ ಇದ್ದಾರೆ.

ಎಲ್ಲ ಕಡೆ ಹೀಗಾಗಲಿಲ್ಲ. ಅರ್ಜಿ ತಿರಸ್ಕಾರವಾದವರನ್ನು ಕಾಡಿನಿಂದ ಎಬ್ಬಿಸಿ ಅಂತ 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ಆದೇಶ ಮಾಡಿತು. ದೇಶದಲ್ಲೆಲ್ಲ ಗಲಾಟೆಯಾಗಿ, 28ಕ್ಕೆ ಅದೇ ಕೋರ್ಟು ತಡೆ ಕೊಟ್ಟಿತು. ಅರ್ಜಿಗಳನ್ನು ಯಾವ ರೀತಿ ತಳ್ಳಿಹಾಕಿದ್ದಾರೆ ಅಂತ ರಾಜ್ಯಗಳು ಹೇಳಬೇಕಾಯಿತು. ಮೊದಲೇ ಕೇಳಬೇಕಿದ್ದ ಪ್ರಶ್ನೆ. ಅರ್ಜಿ ಹಾಕುವವರು ಬುಡಕಟ್ಟಿನವರಲ್ಲದಿದ್ದರೆ 2005ರ ಡಿಸೆಂಬರ್ 13ಕ್ಕೆ ಮೊದಲಿನ 75 ವರ್ಷ ಅಲ್ಲೇ ಇದ್ದದ್ದನ್ನು ತೋರಿಸಬೇಕು. ಮಲೆನಾಡಿನಲ್ಲಿ ಅಜ್ಜನ ಕಾಲದ ಕಾಗದ ಎಷ್ಟು ಮನೆಯಲ್ಲಿ ಉಳಿದಿರುತ್ತದೆ?

ನಿಮ್ಮ ಕಡೆ ಅರ್ಜಿ ತಿರಸ್ಕಾರವಾದವರಿದ್ದರೆ, ಕಾರಣ ಬರಹದಲ್ಲಿ ಕೊಟ್ಟಿದ್ದಾರಾ ಅಂತ ಮೊದಲು ವಿಚಾರಿಸಿ. ಸುಮ್ನೆ "ದಾಖಲೆ ಇಲ್ಲ" ಅಂದರೆ ಸಾಲದು. ಗ್ರಾಮಸಭೆ ತಳ್ಳಿಹಾಕಿದ್ದರೆ ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲೂ ಆಗದಿದ್ದರೆ ಜಿಲ್ಲಾ ಸಮಿತಿಗೆ ಮೇಲ್ಮನವಿ ಹಾಕಬಹುದು. ಒಂದೊಂದಕ್ಕೂ 60 ದಿನ ಅವಕಾಶ ಇದೆ.