ದುಡ್ಡಿಲ್ಲ ಅಂತ ತೋರಿಸ್ಲಿಕ್ಕೂ ದುಡ್ಡು ಬೇಕು ಮಾರಾಯ್ರೆ

ಎಂತ ಹೇಳುದು, ಸಾಕಾಗಿ ಹೋಗಿದೆ ನಂಗೆ. ತಮ್ಮ ಸೆಕೆಂಡ್ ಪಿಯುಸಿ ಸೈನ್ಸ್, ಓದುದ್ರಲ್ಲಿ ಹುಷಾರು, ಅಮೆರಿಕದಲ್ಲೇ ಡಿಗ್ರಿ ಮಾಡ್ತೇನೆ ಅಂತ ಹಟ ಹಿಡಿದು ಕೂತಿದ್ದಾನೆ. ಫೀಸು, ಹಾಸ್ಟೆಲು, ಊಟ ಎಲ್ಲ ಅಲ್ಲಿನ ಕಾಲೇಜಿನವರೇ ಕೊಡುವ ಸ್ಕಾಲರ್‌ಶಿಪ್ಪು. ಸುಳ್ಳಲ್ಲ, ಉಂಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಇಂಥ ಕೆಲವು ಕಡೆ ಹೊರದೇಶದ ಮಕ್ಕಳಿಗೂ ದುಡ್ಡುಂಟಾ ಇಲ್ವಾ ಅಂತ ನೋಡದೆ ಸೀಟು ಕೊಡ್ತಾರೆ, ಆಮೇಲೆ ಎಷ್ಟು ಕಮ್ಮಿ ಬೀಳ್ತದೋ ಅದನ್ನೂ ಹಾಕ್ತಾರೆ. ಉಳಿದ ಹೆಚ್ಚಿನ ಕಡೆ ದುಡ್ಡು ಬೇಕು ಅಂದ ಕೂಡ್ಲೆ ಸೀಟಿನ ಚಾನ್ಸೇ ಕಮ್ಮಿ ಆಗ್ತದೆ. ಅದು ಅವರ ಲೆಕ್ಕ, ಇರ್ಲಿ.

ನನ್ನ ತಲೆ ಕೆಟ್ಟದ್ದು ಈ ಕಾಗದಪತ್ರದಲ್ಲಿ. ಮಾರ್ಕ್ಸು 9ನೇ ಕ್ಲಾಸಿಂದಲೇ ಬೇಕಂತೆ. ನಮ್ಮಲ್ಲಿ ಹತ್ತರವರೆಗೆ ಒಂದು ಶಾಲೆ, ಆಮೇಲೆ ಪಿಯು ಕಾಲೇಜು ಬೇರೆಯೇ ಅಲ್ವಾ. ಹೈಸ್ಕೂಲಿಗೆ ಹೋದ್ರೆ "ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಉಂಟಲ್ಲ, ಒಂಬತ್ತನೇದು ಯಾರಿಗೆ ಬೇಕು?" ಅಂತಾರೆ. ಹೋಗ್ಲಿ, ಅದನ್ನು ಹೇಗೋ ಬರೆಸಿ ತಂದೆ. ಕಾಲೇಜಿನ ಆಫೀಸಿನದ್ದು ಇನ್ನೊಂದು ಕತೆ. ಕಾಮನ್ ಆ್ಯಪ್ ಅಂದ್ರೆ ಅಲ್ಲಿನ ಸುಮಾರು ಕಾಲೇಜುಗಳಿಗೆ ಒಟ್ಟಿಗೆ ಅರ್ಜಿ ಹಾಕುವ ವೆಬ್‌ಸೈಟು, ಅದರಲ್ಲಿ ಸ್ಕೂಲ್ ರಿಪೋರ್ಟ್ ಅಂತ ಒಂದುಂಟು, ಅದನ್ನು ಹುಡುಗ ತುಂಬುವ ಹಾಗಿಲ್ಲ, ಅವನ ಪಿಯು ಕಾಲೇಜಿನ ಕೌನ್ಸೆಲರೇ ಅವರ ಇಮೇಲಿಗೆ ಬಂದ ಲಿಂಕ್ ಒತ್ತಿ ತುಂಬ್ಬೇಕು, ಮಾರ್ಕ್ಸ್ ಶೀಟೂ ಅವರೇ ಅಪ್ಲೋಡ್ ಮಾಡ್ಬೇಕು, ಹುಡುಗನ ಬಗ್ಗೆ ಒಂದು ಪತ್ರನೂ ಬರೀಬೇಕು. ಕ್ಲರ್ಕ್ ಮೇಡಂ ಎಲ್ಲ ಕೇಳಿ ಡ್ರಾಯರಿಂದ ಬೊನಾಫೈಡ್ ಪುಸ್ತಕ ತೆಗೆದು "ಬಸ್ ಪಾಸಿಗಾ, ಪಾಸ್‌ಪೋರ್ಟಿಗಾ?" ಅಂತ ಕೇಳಿದ್ರು. ನಾನು ಪುನಃ ಮೊದಲಿಂದ ಹೇಳಿದೆ. ಅವರು ಪುನಃ ಕೇಳಿ, ಒಂದು ಖಾಲಿ ಲೆಟರ್‌ಹೆಡ್ಡಿಗೆ ರಬ್ಬರ್ ಸೀಲು ಒತ್ತಿ "ನೀವೇ ಎಂತ ಬೇಕಾದ್ರೂ ಬರ್ಕೊಳ್ಳಿ, ಸರ್ ಸೈನ್ ಹಾಕ್ತಾರೆ" ಅಂದ್ರು!

ಲಿಂಕ್ ಹೋಗಿದ್ದು ಕಾಲೇಜಿನ ಇಮೇಲಿಗೆ, ಅದರ ಪಾಸ್‌ವರ್ಡ್ ಗೊತ್ತಿರುವ ಸರ್ ಟ್ರಾನ್ಸ್‌ಫರ್ ಆಗಿ ಹೋಗಿದ್ದಾರೆ. ಪ್ರಿನ್ಸಿಪಾಲ್ರ ಹತ್ರ ಹೋದ್ರೆ "ಇದೆಲ್ಲ ರಗಳೆ ಯಾಕೆ, ನೀಟಿಗೆ ಓದ್ಲಿಕ್ಕೆ ಹೇಳಿ ಅವನಿಗೆ" ಅಂತ ಉಪದೇಶ. ಕೆನಡಾದ ಟೊರೊಂಟೊ ಯೂನಿವರ್ಸಿಟಿಯಲ್ಲೂ ಪಿಯರ್‌ಸನ್ ಸ್ಕಾಲರ್‌ಶಿಪ್ ಅಂತ ಉಂಟು, ಅದಕ್ಕೆ ಒಂದು ಶಾಲೆಯಿಂದ ಒಬ್ಬನನ್ನು ಮಾತ್ರ ಶಾಲೆಯವರೇ ನಾಮಿನೇಟ್ ಮಾಡ್ಬೇಕು. ಕೇಳಿದೆ. "ಒಬ್ಬನಿಗೆ ಕೊಟ್ರೆ ಉಳಿದ ಪೇರೆಂಟ್ಸ್ ಬಂದು ಗಲಾಟೆ ಮಾಡ್ತಾರೆ" ಅಂದ್ರು. ಉಳಿದವರು ಯಾರೂ ಕೇಳ್ಳೇ ಇಲ್ಲ ಸರ್! ಬೆಂಗಳೂರಿನ ಇಂಟರ್‌ನ್ಯಾಷನಲ್ ಸ್ಕೂಲುಗಳಲ್ಲಿ ಇದೇ ಕೆಲ್ಸಕ್ಕೆ ಸಂಬಳ ಕೊಟ್ಟು ಜನ ಇಟ್ಕೊಂಡಿದ್ದಾರೆ, ಅಂದ್ರೆ ಲಕ್ಷಗಟ್ಟಲೆ ಫೀಸು ಕಟ್ಟುವವರ ಮಕ್ಕಳಿಗೆ ಫ್ರೀ ಸ್ಕಾಲರ್‌ಶಿಪ್ಪಿನ ದಾರಿ ಸಲೀಸು.

ಇನ್ನು ದುಡ್ಡಿಲ್ಲ ಅಂತ ತೋರಿಸುದು. ಸ್ಕಾಲರ್‌ಶಿಪ್ಪಿಗೆ ಅಲ್ಲಿನ ಸುಮಾರು ಕಾಲೇಜಿನವರು ಕೇಳುವ ಸಿಎಸ್‌ಎಸ್ ಪ್ರೊಫೈಲ್ ಅಂತ ಒಂದು ಫಾರ್ಮು, ಅಪ್ಪ ಅಮ್ಮನ ಆದಾಯ, ಮನೆಗೆ ಎಷ್ಟು ಬೆಲೆ, ಬ್ಯಾಂಕಲ್ಲಿ ಎಷ್ಟುಂಟು, ಬರುವ ವರ್ಷ ಎಷ್ಟು ದುಡೀತೀರಿ ಅಂತ ಎಲ್ಲ ಕೇಳ್ತದೆ. ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುದು. ಸಂಬಳ ಅಲ್ಲ, ಪಾಲು. ಮೀನು ಸಿಕ್ಕಿದ್ರೆ ಉಂಟು, ಇಲ್ಲದಿದ್ರೆ ಡೀಸೆಲ್ ಕಳೆದು ಕೈಗೆ ಎಂತದೂ ಇಲ್ಲ, ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ಬಂದ್, ಆಗ ಬಲೆ ಹೆಣೆದದ್ದಕ್ಕೆ ಸಿಕ್ಕಿದ್ದೇ. ಬರುವ ವರ್ಷ ಎಷ್ಟು ಮೀನು ಸಿಗ್ತದೆ ಅಂತ ನಾನು ಸಮುದ್ರದ ಹತ್ರ ಕೇಳುದಾ? ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಕೇಳ್ತಾರೆ, ಅಪ್ಪ ಜನ್ಮದಲ್ಲಿ ಫೈಲ್ ಮಾಡಿದವರಲ್ಲ. ಹಾಗಾದ್ರೆ ಕೆಲಸ ಕೊಟ್ಟವರ ಲೆಟರ್ ತನ್ನಿ ಅಂತಾರೆ. ಬೋಟಿನ ಓನರ್ "ಬರೆದು ಕೊಟ್ರೆ ಟ್ಯಾಕ್ಸಿನವರು ನನ್ನನ್ನು ಹಿಡೀತಾರೆ ಮಗಾ" ಅಂತ ಚಾ ಕುಡಿಸಿ ಕಳಿಸಿದ್ರು. ನಾಡಕಚೇರಿಯ ಆದಾಯ ಸರ್ಟಿಫಿಕೇಟ್ ಉಂಟು, ಅದು ಕನ್ನಡದಲ್ಲಿ, ಇಂಗ್ಲಿಷ್ ಮಾಡಿಸ್ಲಿಕ್ಕೆ ಪುನಃ ನೋಟರಿಗೆ ದುಡ್ಡು.

ಆ ಫಾರ್ಮಿಗೂ ಫೀಸು! ಮೊದಲ ಕಾಲೇಜಿಗೆ 25 ಡಾಲರ್, ಆಮೇಲೆ ಒಂದೊಂದಕ್ಕೂ 16. ಅಮೆರಿಕದವರಿಗಾದ್ರೆ ವರ್ಷಕ್ಕೆ 1 ಲಕ್ಷ ಡಾಲರ್‌ವರೆಗೆ ಆದಾಯ ಇದ್ರೂ ಅದು ಫ್ರೀ, ಮಲ್ಪೆಯ ಮೀನುಗಾರ ಮಾತ್ರ ಕಟ್ಬೇಕು, ಇಲ್ಲಾಂದ್ರೆ ಒಂದೊಂದು ಕಾಲೇಜಿಗೂ ಮೇಲ್ ಹಾಕಿ ಮಾಫಿ ಕೋಡ್ ಕೊಡಿ ಅಂತ ಬೇಡ್ಬೇಕು. ಕಟ್ಟುವ ಅಂತ ಹೊರಟ್ರೆ ಅಪ್ಪನ ರುಪೇ ಕಾರ್ಡು ರಿಜೆಕ್ಟ್. ನನ್ನ ಆಫೀಸಿನ ಅಕ್ಕನ ಕ್ರೆಡಿಟ್ ಕಾರ್ಡ್ ಬೇಡಿ ಹಾಕಿದ್ದು.

ಹಾರ್ವರ್ಡಿಗೂ ಪ್ರಿನ್ಸ್‌ಟನ್ನಿಗೂ ಜನವರಿ 1 ಕಡೇ ದಿನ, ಅಷ್ಟರಲ್ಲಿ ಕ್ರಿಸ್ಮಸ್ ರಜೆ ಬೇರೆ. ಉಡುಪಿ, ಮಂಗಳೂರು ಕಡೆ ಮಾಮೂಲಿ ಪಿಯು ಕಾಲೇಜಿಂದ ಈ ಸ್ಕೂಲ್ ರಿಪೋರ್ಟ್ ಹಾಕಿಸಿದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಪ್ರಿನ್ಸಿಪಾಲ್ರಿಗೆ ಎಂತ ಹೇಳಿ ಒಪ್ಪಿಸಿದ್ದು ನೀವು? "ನೀಟ್ ಬರೆಸಿ" ಅಂತ ಹೇಳ್ಲಿಕ್ಕೆ ಇರುವವರು ಮಾತ್ರ ಬರ್ಬೇಡಿ, ಅದು ಮನೆ ಬಾಗಿಲಿಗೇ ಬಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ.