‘ದುಡ್ಡಿದೆ, ನೆಮ್ಮದಿ ಇಲ್ಲ’: ಯಾರಿಗೆ ಸ್ವಾಮಿ?

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇವತ್ತೂ ಅದೇ ಫಾರ್ವರ್ಡ್ ಬಂತು. ಶುಭೋದಯದ ಗುಲಾಬಿ ಹೂವಿನ ಬೆನ್ನಿಗೇ ಹಿಮ ಬಿದ್ದ ಬಂಗಲೆಯ ಚಿತ್ರ, ಅದರ ಮೇಲೆ ದಪ್ಪ ಅಕ್ಷರದಲ್ಲಿ: ಪಾಶ್ಚಾತ್ಯರಿಗೆ ದುಡ್ಡಿದೆ, ನೆಮ್ಮದಿ ಇಲ್ಲ, ಅದಕ್ಕೇ ಆತ್ಮಹತ್ಯೆ. ಕೆಳಗೆ ಸಾಲು ಸಾಲು ಕೈಮುಗಿದ ಇಮೋಜಿ. ನನ್ನ ಗೋಳು ನಿಮಗೆ ಗೊತ್ತಿರುವುದೇ, ಇಲ್ಲಿ ಎಷ್ಟೋ ಸಲ ಕೊರೆದಿದ್ದೇನೆ, ಇನ್ನೊಮ್ಮೆ ಸಹಿಸಿಕೊಳ್ಳಿ. ದುಡ್ಡಿರುವುದು ಯಾರ ಹತ್ತಿರ, ಸಾಯುತ್ತಿರುವವರು ಯಾರು ಅಂತ ಒಬ್ಬರಾದರೂ ಕೇಳಬಾರದಾ?

ಅಮೆರಿಕದ್ದನ್ನೇ ತೆಗೆದುಕೊಳ್ಳಿ. 2015ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ಆನ್ ಕೇಸ್ ಮತ್ತು ಆಂಗಸ್ ಡೀಟನ್ (ಗಂಡ-ಹೆಂಡತಿ, ಡೀಟನ್‌ಗೆ ಅದೇ ವರ್ಷ ನೊಬೆಲ್ ಬಂತು) ಒಂದು ಲೆಕ್ಕ ಮುಂದಿಟ್ಟರು. 45ರಿಂದ 54 ವಯಸ್ಸಿನ ಬಿಳಿಯ ಅಮೆರಿಕನ್ನರ ಸಾವಿನ ಪ್ರಮಾಣ 1999ರಿಂದ ಏರುತ್ತಿತ್ತು. ಉಳಿದ ಶ್ರೀಮಂತ ದೇಶಗಳಲ್ಲಿ ಅದೇ ವಯಸ್ಸಿನವರದು ಇಳಿಯುತ್ತಿತ್ತು. ಆತ್ಮಹತ್ಯೆ, ಡ್ರಗ್ ಓವರ್‌ಡೋಸ್, ಕುಡಿದು ಲಿವರ್ ಹಾಳಾಗುವುದು, ಈ ಮೂರನ್ನೂ ಒಟ್ಟು ಸೇರಿಸಿ ‘ಹತಾಶೆಯ ಸಾವು’ ಅಂದರು. 2017ರ ಒಂದೇ ವರ್ಷದಲ್ಲಿ ಹೀಗೆ ಸತ್ತವರು 1,58,000. ಇಡೀ ದೇಶದ ಸರಾಸರಿ ಆಯಸ್ಸು 2014ರಲ್ಲಿ 78.9 ಇದ್ದದ್ದು 2017ಕ್ಕೆ 78.6ಕ್ಕೆ ಇಳಿಯಿತು. ಫಾರ್ವರ್ಡ್ ಮಾಡುವವರು ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಮುಂದಿನ ಸಾಲು ಏನು ಗೊತ್ತಾ? ಈ ಏರಿಕೆಯೆಲ್ಲ ಹೆಚ್ಚುಕಡಿಮೆ ನಾಲ್ಕು ವರ್ಷದ ಡಿಗ್ರಿ ಇಲ್ಲದವರದು. ಅಲ್ಲಿನ ವಯಸ್ಕರಲ್ಲಿ ಅವರು ಮೂರರಲ್ಲಿ ಎರಡು ಪಾಲು. ಬಂಗಲೆಯವರು ಆರಾಮಾಗಿದ್ದಾರೆ.

ಡಿಗ್ರಿ ಇಲ್ಲದಿದ್ದರೆ ಅಷ್ಟೊಂದು ಆಗುವುದೇನು? ಅಲ್ಲಿ ಆರೋಗ್ಯ ವಿಮೆ ನೌಕರಿಗೆ ಅಂಟಿಕೊಂಡಿದೆ. ಕಂಪನಿ ಮೂಲಕ ಒಂದು ಕುಟುಂಬಕ್ಕೆ ಮಾಡಿಸುವ ವಿಮೆಯ ಪ್ರೀಮಿಯಂ 2024ರಲ್ಲಿ ಸರಾಸರಿ 25,000 ಡಾಲರ್ ದಾಟಿತ್ತು. ನೌಕರ ಕಟ್ಟುವುದು ಸುಮಾರು 6,300, ಉಳಿದ 19,000 ಚಿಲ್ಲರೆ ಕಂಪನಿಯದು. ಈಗ ಕೂಡಿಸಿ ಕಳೆಯಿರಿ. ಮೂರು ಲಕ್ಷ ಡಾಲರ್ ಸಂಬಳದ ಮ್ಯಾನೇಜರ್‌ಗೆ 19,000 ಅಂದರೆ ಸಂಬಳದ ಶೇ. 6ರಷ್ಟು. 38,000 ಡಾಲರ್‌ನ ಕಸ ಗುಡಿಸುವವನಿಗೆ? ಸಂಬಳದ ಅರ್ಧ! ಇಬ್ಬರ ಲಿವರ್ರೂ ಒಂದೇ, ಪ್ರೀಮಿಯಂ ಕೂಡ ಒಂದೇ. ಕಂಪನಿ ಏನು ಮಾಡುತ್ತದೆ? ಗುಡಿಸುವುದು, ಕಾವಲು, ಕ್ಯಾಂಟೀನು ಎಲ್ಲವನ್ನೂ ಗುತ್ತಿಗೆಗೆ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಗುತ್ತಿಗೆಯವನ ಹತ್ತಿರ ವಿಮೆಯೂ ಇಲ್ಲ, ಪಿಂಚಣಿಯೂ ಇಲ್ಲ, ಇವತ್ತು ಗುಡಿಸುವವನು ನಾಳೆ ಸೂಪರ್‌ವೈಸರ್ ಆಗುವ ದಾರಿಯೂ ಇಲ್ಲ. (ಬೆಂಗಳೂರಿನ ಟೆಕ್ ಪಾರ್ಕ್‌ಗಳ ಹೌಸ್‌ಕೀಪಿಂಗ್ ನೆನಪಾಯಿತಾ? ಇರಲಿ, ಇವತ್ತಿನ ಜಗಳ ಅದಲ್ಲ.)

ಅದಕ್ಕೂ ಮೊದಲೇ ಕಾರ್ಖಾನೆಗಳು ಹೋಗಿದ್ದವು. ಒಹಾಯೋದ ಯಂಗ್ಸ್‌ಟೌನ್‌ನಲ್ಲಿ 1977ರ ಸೆಪ್ಟೆಂಬರ್ 19ರಂದು ಒಂದು ಉಕ್ಕಿನ ಕಾರ್ಖಾನೆ ಮುಚ್ಚುವ ಸುದ್ದಿ ಬಂತು, 5,000 ಕೆಲಸ ಹೋದವು. ಆ ದಿನವನ್ನು ಆ ಊರಿನವರು ಇನ್ನೂ ಕರಿ ಸೋಮವಾರ ಅನ್ನುತ್ತಾರೆ. ಕಾರ್ಖಾನೆ ಹೋದ ಮೇಲೆ ಯೂನಿಯನ್ ಹೋಯಿತು, ಅಂಗಡಿ ಹೋಯಿತು, ಮದುವೆಯಾಗುವ ಧೈರ್ಯವೂ ಹೋಯಿತು. ಬೆನ್ನುನೋವು ಮಾತ್ರ ಉಳಿಯಿತು.

ಆ ಬೆನ್ನುನೋವಿಗೆ ಮಾತ್ರೆ ಸಿದ್ಧವಾಗಿತ್ತು. 1996ರಲ್ಲಿ ಪರ್ಡ್ಯೂ ಫಾರ್ಮಾ ಅನ್ನುವ ಔಷಧ ಕಂಪನಿ ಆಕ್ಸಿಕಾಂಟಿನ್ ಅನ್ನುವ ಅಫೀಮು ಜಾತಿಯ ನೋವಿನ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಔಷಧ ನಿಧಾನವಾಗಿ ಬಿಡುಗಡೆಯಾಗುತ್ತದೆ, 12 ಗಂಟೆ ನೋವು ತಡೆಯುತ್ತದೆ, ಚಟ ಹತ್ತುವ ಭಯ ಕಡಿಮೆ ಅಂತ ಡಾಕ್ಟರ್‌ಗಳಿಗೆ ಹೇಳಿಕೊಟ್ಟರು. ಎಷ್ಟೋ ಜನರಿಗೆ ಅದು 12 ಗಂಟೆ ನೋವು ತಡೆಯಲಿಲ್ಲ. ನಡುವೆ ನೋವೂ ಬಂತು, ಮಾತ್ರೆಗಾಗಿ ಒದ್ದಾಟವೂ ಬಂತು. ಆಗ ಸೇಲ್ಸ್‌ನವರು ಹೇಳಿದ್ದು, ಡೋಸ್ ಏರಿಸಿ ಅಂತ. ಸುಳ್ಳು ಹೇಳಿ ಮಾರಿದ್ದಕ್ಕೆ 2007ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು 60 ಕೋಟಿ ಡಾಲರ್ ತೆತ್ತಿತು. 2010ರಲ್ಲಿ, ಚಟದವರು ಸುಲಭವಾಗಿ ಪುಡಿ ಮಾಡಿ ಸೇದಲಾಗದ ಹೊಸ ಮಾತ್ರೆ ಬಂತು, ಆಗ ಚಟ ಹತ್ತಿದವರಲ್ಲಿ ಎಷ್ಟೋ ಜನ ಹೆರಾಯಿನ್ ಕಡೆ ಹೊರಳಿದರು. ಅದರ ಹಿಂದೆಯೇ ಫೆಂಟನಿಲ್, ಹೆರಾಯಿನ್‌ಗಿಂತ 50 ಪಟ್ಟು ತೀಕ್ಷ್ಣ, 2 ಮಿಲಿಗ್ರಾಂ ಸಾಕು ಜೀವ ಹೋಗಲು. 2021ರಲ್ಲಿ ಓವರ್‌ಡೋಸ್ ಸಾವು ಒಂದು ಲಕ್ಷ ದಾಟಿತು. ಇದು ಸಂಪತ್ತು ಹೆಚ್ಚಾಗಿ ಬಂದ ಬೇಸರವಂತೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

“ಅದೆಲ್ಲ ಸರಿ ಸಾರ್, ಆದರೆ ಅವರಿಗೆ ದೇವರಿಲ್ಲ, ಕುಟುಂಬ ಇಲ್ಲ, ಒಂಟಿತನ” ಅಂತ ಈಗ ಒಬ್ಬರು ಕಮೆಂಟ್ ಹಾಕುತ್ತೀರಿ, ಬಲ್ಲೆ. ಚರ್ಚಿಗೆ ಹೋಗುವವರು ಅಮೆರಿಕಕ್ಕಿಂತ ಡೆನ್ಮಾರ್ಕ್, ಸ್ವೀಡನ್‌ಗಳಲ್ಲಿ ಎಷ್ಟೋ ಕಡಿಮೆ. ಅಲ್ಲಿ ಇಂಥ ಸಾವಿನ ಅಲೆ ಏಳಲಿಲ್ಲ. ಸ್ಕಾಟ್ಲೆಂಡಿನಲ್ಲಿ ಡ್ರಗ್ ಸಾವು ವಿಪರೀತ, ಒಪ್ಪುತ್ತೇನೆ, ಆದರೆ ಅಲ್ಲಿಯೂ ಸಾಯುತ್ತಿರುವವರು ಬಡ ಬಡಾವಣೆಗಳವರೇ. ಒಂಟಿತನ ಸುಳ್ಳಲ್ಲ. ನಮ್ಮ ಮಂಡ್ಯದ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ (ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಮುಖ್ಯ ವೈದ್ಯ) ಆಗಿದ್ದಾಗ 2023ರಲ್ಲಿ ಅದರ ಮೇಲೆ ಎಚ್ಚರಿಕೆಯನ್ನೇ ಹೊರಡಿಸಿದರು. ಆದರೆ ಕಾರ್ಖಾನೆ ಮುಚ್ಚಿದ ಊರಿನಲ್ಲಿ ಜೊತೆ ಕೂರಲು ಯಾರು ಉಳಿದಿರುತ್ತಾರೆ, ಅದನ್ನೂ ಹೇಳಿ.

ನಿಜ ಹೇಳಿಬಿಡಲಾ? ಇಷ್ಟೆಲ್ಲ ಗೊತ್ತಿದ್ದೂ ಆ ಸಾಲು ಓದಿದಾಗ ನನಗೂ ಒಂದು ಕ್ಷಣ ಹೊಟ್ಟೆ ತಣ್ಣಗಾಗುತ್ತದೆ. ಸಿಟ್ಟು ಬರುವುದು ಅದಕ್ಕೇ.

ಇನ್ನು ಫಿನ್ಲೆಂಡ್. ‘ಸುಖದಲ್ಲಿ ಒಂದನೇ ಸ್ಥಾನ, ಆತ್ಮಹತ್ಯೆಯಲ್ಲೂ’ ಅನ್ನುವ ಇನ್ನೊಂದು ಫಾರ್ವರ್ಡ್ ಇದೆಯಲ್ಲ, ಅದು ಮೂವತ್ತೈದು ವರ್ಷ ಹಳಸಿದ ಅನ್ನ. 1990ರಲ್ಲಿ ಅಲ್ಲಿ ಲಕ್ಷಕ್ಕೆ 30 ಜನ ಹಾಗೆ ಸಾಯುತ್ತಿದ್ದರು. ಅವರು ಫಾರ್ವರ್ಡ್ ಮಾಡುತ್ತಾ ಕೂರಲಿಲ್ಲ. ಅದಕ್ಕೂ ಮುಂಚೆಯೇ, 1987ರ ಏಪ್ರಿಲ್‌ನಿಂದ ಒಂದು ವರ್ಷ ನಡೆದ 1,397 ಆತ್ಮಹತ್ಯೆಗಳನ್ನೂ ಒಂದೊಂದಾಗಿ ತನಿಖೆ ಮಾಡಿದರು, ಮನೆಯವರನ್ನು ಮಾತಾಡಿಸಿದರು, ಚಿಕಿತ್ಸೆಯ ದಾಖಲೆ ತೆಗೆಸಿದರು. ಹೆಚ್ಚಿನವರಿಗೆ ಖಿನ್ನತೆ ಇತ್ತು, ಸರಿಯಾದ ಚಿಕಿತ್ಸೆ ಸಿಕ್ಕವರು ತೀರಾ ಕಡಿಮೆ. ಖಿನ್ನತೆಯನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೆಲಸ ಅಲ್ಲಿಂದ ಚುರುಕಾಯಿತು. ಈಗ ಆ ಸಂಖ್ಯೆ ಅರ್ಧಕ್ಕಿಂತ ಕೆಳಗೆ, 13ರ ಆಸುಪಾಸು. ನಮ್ಮದು? 2022ರ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ಲೆಕ್ಕ: 1,70,924 ಜನ, ಲಕ್ಷಕ್ಕೆ 12.4. ನೆಮ್ಮದಿಯ ನಾಡಿನ ಲೆಕ್ಕ ಇದು.

ಸುಖದ ಪಟ್ಟಿ (ಪ್ರತಿ ವರ್ಷ ಬರುವ ‘ವರ್ಲ್ಡ್ ಹ್ಯಾಪಿನೆಸ್ ರಿಪೋರ್ಟ್’) ವಿದೇಶಿಯರ ಪಿತೂರಿ ಅಂತೀರಾ? ಅದರಲ್ಲಿ ವಿದೇಶಿ ಪಂಡಿತರು ಅಂಕ ಹಾಕುವುದಿಲ್ಲ. ಪ್ರತಿ ದೇಶದಲ್ಲೂ ಸಾಮಾನ್ಯವಾಗಿ ವರ್ಷಕ್ಕೆ ಸುಮಾರು ಸಾವಿರ ಜನರನ್ನು ಒಂದೇ ಪ್ರಶ್ನೆ ಕೇಳುತ್ತಾರೆ: ಸೊನ್ನೆಯಿಂದ ಹತ್ತರವರೆಗಿನ ಏಣಿ, ಹತ್ತು ಅಂದರೆ ನಿಮಗೆ ಸಾಧ್ಯವಿರುವ ಅತ್ಯುತ್ತಮ ಬದುಕು, ಈಗ ನೀವು ಯಾವ ಮೆಟ್ಟಿಲಲ್ಲಿದ್ದೀರಿ? ಮೂರು ವರ್ಷದ ಸರಾಸರಿ ತೆಗೆಯುತ್ತಾರೆ. 2025ರ ವರದಿಯಲ್ಲಿ ಫಿನ್ಲೆಂಡಿನವರು ಹೇಳಿದ್ದು 7.7. ನಮ್ಮವರು ತಮ್ಮ ಬಾಯಾರೆ ಹೇಳಿದ್ದು 4.4. ಆ ಸಾವಿರ ಜನರಲ್ಲಿ ಒಬ್ಬರೂ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇದ್ದಂತಿಲ್ಲ.