ಬಾರದ ಫಂಕ್ಷನ್ನಿಗೆ ರಿಟರ್ನ್ ಟೈಪ್ ಬರೀಬೇಕಂತೆ

ಸಾಲ ತಗೊಂಡು ಊರು ಬಿಟ್ಟವನು ನೂರರ ನೋಟಲ್ಲಿ ವಾಪಸ್ ಕೊಡ್ತಾನೋ ಐನೂರರದ್ದಲ್ಲೋ ಅಂತ ಕಾಗದ ಮಾಡಿಸಿದ ಹಾಗಿದೆ ನನ್ನ ಇವತ್ತಿನ ಕೆಲಸ.

ನಾನು ಮಾಹಿತಿಗೆ ಟ್ಯಾಗ್ ಹಚ್ಚಿಡೋ ಎಕ್ಸ್‌ಎಂಎಲ್ ಜೊತೆ ಸಂಸಾರ ಮಾಡೋನು ಅಂತ ನಿಮಗೆಲ್ಲ ಗೊತ್ತು. (ಪಾಪ, ಸಹಿಸಿಕೊಂಡಿದ್ದೀರಿ.) ಅದರಿಂದ ಬೇಕಾದ್ದನ್ನು ಹೆಕ್ಕೋ ಭಾಷೆ ಎಕ್ಸ್‌ಕ್ವೆರಿಯಲ್ಲಿ ಒಂದು ಪುಟ್ಟ ಫಂಕ್ಷನ್ ಬರೆದೆ. ಬೆಲೆಯಿಲ್ಲದ ಪುಸ್ತಕ ಸಿಕ್ಕರೆ ಫೈಲಿನ ಹೆಸರು ಸಮೇತ ಎರರ್ ಎಸೆಯೋದಷ್ಟೇ ಅದರ ಕೆಲಸ. ಎಸೆದರೆ ಮುಗೀತು, ಕರೆದವನ ಹತ್ತಿರ ಮರಳಿ ಬರೋದೇ ಇಲ್ಲ. ರಿಟರ್ನ್ ಟೈಪ್, ಅಂದರೆ ಯಾವ ಬಗೆಯ ಉತ್ತರ ತರುತ್ತೆ ಅನ್ನೋದನ್ನ, ಏನಂತ ಬರೀಲಿ? ಖಾಲಿ ಸೀಕ್ವೆನ್ಸ್ (ಏನೂ ಇಲ್ಲದ ಪಟ್ಟಿ) ಅಂತ ಬರೆದರೆ, ಅದನ್ನು ಕರೆಯೋ, ಬೆಲೆ ಕೊಡಬೇಕಾದ ಫಂಕ್ಷನ್ ತೋರಿಸಿ, ‘ಡೆಸಿಮಲ್ (ದಶಮಾಂಶ ಸಂಖ್ಯೆ) ಕೊಡ್ತೀನಿ ಅಂದಿದ್ದೆ, ಇಲ್ಲಿ ಖಾಲಿಯೂ ಬರಬಹುದಲ್ಲ’ ಅಂತ ಕೋಡ್ ಓಡಿಸೋಕೆ ಮುಂಚೆಯೇ ಟೈಪ್ ತಾಳೆ ನೋಡೋ ನಮ್ಮ ಕಟ್ಟುನಿಟ್ಟಿನ ಪ್ರೊಸೆಸರ್ ತಕರಾರು. ಅಯ್ಯಾ, ಖಾಲಿಯೂ ಬರೋಲ್ಲ! ಬರಿಗೈಲಿ ಮನೆಗೆ ಬರೋದಕ್ಕೂ ಮನೆಗೇ ಬಾರದಿರೋದಕ್ಕೂ ವ್ಯತ್ಯಾಸ ಇಲ್ವಾ?

ಮೈ ಉರಿಯೋದು ಯಾಕೆ ಅಂದರೆ, ಭಾಷೆ ಮಾಡಿದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. 2007ರ ಮೊದಲ ಆವೃತ್ತಿಯಲ್ಲೇ, ಭಾಷೆಯ ಜೊತೆ ಬರುವ ಎರರ್ ಫಂಕ್ಷನ್ನಿಗೆ ‘ನನ್’ (none) ಅನ್ನೋ ವಿಶೇಷ ಟೈಪ್ ಕೊಟ್ಟರು. ಯಾವತ್ತೂ ಮರಳೋಲ್ಲ ಅಂತ ಅದರ ಅರ್ಥ. ಡೆಸಿಮಲ್ ಜೊತೆ ಸೇರಿಸಿದರೆ ಡೆಸಿಮಲ್ಲೇ ಉಳಿಯುತ್ತೆ, ಸೊನ್ನೆ ಕೂಡಿದ ಹಾಗೆ. ಎಷ್ಟು ಚೆಂದ! ಪಕ್ಕದಲ್ಲೇ ಒಂದು ಷರಾ: ಬಳಕೆದಾರರು ಬರೆಯುವ ಫಂಕ್ಷನ್ನುಗಳಿಗೆ ಇದು ಸಿಗೋಲ್ಲ. ಅವರಿಗೊಂದು ನ್ಯಾಯ, ನಮಗೊಂದು ನ್ಯಾಯ.

ಎಕ್ಸ್‌ಎಂಎಲ್ ಟೈಪುಗಳ ನಿಯಮಾವಳಿ ಎಕ್ಸ್‌ಎಸ್‌ಡಿ 1.1ರಲ್ಲಿ ಯಾವ ಮೌಲ್ಯವೂ ಇಲ್ಲದ ‘ಎಕ್ಸ್‌ಎಸ್:ಎರರ್’ ಅನ್ನೋ ಟೈಪ್ ಬಂತು, ಅದೊಂದು ಹಿಂಬಾಗಿಲು. ನಮ್ಮ ಪ್ರೊಸೆಸರಿಗೆ 1.1 ಬರೋಲ್ಲ. ಬಾಗಿಲಿಗೆ ಬೀಗ.

ಪೋಸ್ಟ್‌ಗ್ರೆಸ್ ಡೇಟಾಬೇಸಿನವರು ನಗಬೇಡಿ. ವಾಯ್ಡ್ (ಏನೂ ಕೊಡೋಲ್ಲ) ಅಂತ ಬರೆದ ಫಂಕ್ಷನ್ನನ್ನು, ಖಾಲಿಯಲ್ಲದ ಮೊದಲನೇದನ್ನು ಆರಿಸೋ ಕೋಲೆಸ್ ಒಳಗೆ ನ್ಯೂಮೆರಿಕ್ (ಸಂಖ್ಯೆ) ಪಕ್ಕ ಕೂರಿಸಿ ನೋಡಿ, ಟೈಪ್ ಹೊಂದೋಲ್ಲ ಅಂತ ಎಬ್ಬಿಸಿ ಕಳಿಸುತ್ತೆ. ಆಮೇಲೆ ಯಾವ ಟೈಪಾದರೂ ಸರಿ ಅನ್ನೋ ‘ಎನಿಎಲಿಮೆಂಟ್’ ಅಂತ ಬರೆದು, ಕೆಲಸಕ್ಕೆ ಬಾರದ ಒಂದು ನಲ್‌ಗೆ (ಖಾಲಿ ಮೌಲ್ಯಕ್ಕೆ) ನ್ಯೂಮೆರಿಕ್ ವೇಷ ತೊಡಿಸಿ ಒಳಗೆ ಕಳಿಸೋ ಕಸರತ್ತು. ಟೈಪ್‌ಸ್ಕ್ರಿಪ್ಟ್ ಭಾಷೆ 2016ರಲ್ಲೇ, ಮರಳೋಲ್ಲ ಅನ್ನೋ ಇದೇ ಅರ್ಥದ ‘ನೆವರ್’ ಟೈಪನ್ನು ಎಲ್ಲರ ಕೈಗೂ ಕೊಟ್ಟಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

‘ಐಟಂ ಸ್ಟಾರ್ ಅಂತ ಬರೆದು ಸುಮ್ನಿರಿ ಸರ್’ ಅಂದ ನಮ್ಮ ಟೀಮಿನ ಹುಡುಗ. ಅಂದರೆ ಏನು ಬೇಕಾದರೂ, ಎಷ್ಟು ಬೇಕಾದರೂ ಬರಬಹುದು ಅಂತ. ಅದಕ್ಕೂ ಪ್ರೊಸೆಸರ್ ಒಪ್ಪಲ್ಲ ಅನ್ನೋದು ಹಾಗಿರಲಿ, ಏನೂ ಬಾರದ ಕಡೆ ಎಲ್ಲವೂ ಬರಬಹುದು ಅಂತ ಬರೆಯೋದಾದರೆ ಟೈಪ್ ಯಾಕಪ್ಪಾ ಬೇಕು?

ನಿಜ ಹೇಳಿಬಿಡ್ತೀನಿ. ಹಿಂದೊಂದು ಕಡೆ ಕೆಲಸದಲ್ಲಿದ್ದಾಗ ಇದೇ ಕಾಟ ತಡೆಯಲಾರದೆ ಎರರ್ ಕಿತ್ತುಹಾಕಿ, ಸೊನ್ನೆ ರಿಟರ್ನ್ ಮಾಡಿದ್ದೆ. ಟೈಪ್ ಸರಿಹೋಯ್ತು, ಕಂಪೈಲ್ ಆಯ್ತು. ಸೊನ್ನೆ ರೂಪಾಯಿಯ ಪುಸ್ತಕಗಳ ಪಟ್ಟಿ ಗಿರಾಕಿಯ ತನಕ ಹೋಯ್ತು. ಅವತ್ತಿನ ಮೀಟಿಂಗ್ ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತೆ.

ಕೊನೆಗೆ ಇವತ್ತು ನನ್ನ ಫಂಕ್ಷನ್ ಅಳಿಸಿ, ಮೂಲ ಎರರ್ ಕರೆಯನ್ನೇ ಹದಿನೇಳು ಕಡೆ ಕಾಪಿ-ಪೇಸ್ಟ್ ಮಾಡಿ ಎದ್ದುಬಂದೆ. ನಾಳೆ ರಿವ್ಯೂನಲ್ಲಿ ಏನು ಬರುತ್ತೆ ಅಂತ ಈಗಲೇ ಗೊತ್ತು: ‘ಸರ್, ಇದನ್ನೊಂದು ಫಂಕ್ಷನ್ ಮಾಡಬಹುದಲ್ವಾ?’